ಒದ್ದೆ ಸಾಮಾನು ತೆಗೆದುಕೊಳ್ಳುವುದಿಲ್ಲ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 5-40

ಅಂಟು ಗಟ್ಟಿಯಾಗಿತ್ತು. ಬಿಸಿನೀರು ಹಾಕಿ ಕಲಸಿದೆ, ತೀರಾ ನೀರಾಯಿತು. ನೀರಾದರೆ ನೋಟಿಸು ಗೋಡೆಯಿಂದ ಜಾರುತ್ತದೆ, ಜಾರಿದರೆ ಮೇಸ್ತ್ರಿ ಮುಖ ಗಂಟು ಹಾಕುತ್ತಾರೆ. ಇನ್ನೊಂದು ಹಿಡಿ ಪುಡಿ ಹಾಕಿದೆ. ಇವತ್ತು ಇಪ್ಪತ್ತೆರಡು ನೋಟಿಸು. ಎಣಿಸಿದೆ, ಇಪ್ಪತ್ತೊಂದು ಬಂತು. ಮತ್ತೆ ಎಣಿಸಿದೆ, ಇಪ್ಪತ್ತೆರಡು. ಮೂರನೇ ಸಲ ಎಣಿಸಲಿಲ್ಲ — ಇಪ್ಪತ್ತಮೂರು ಬಂದರೆ ಏನು ಮಾಡುವುದು.

ಸ್ಟವ್ ಆರಿಸಿದ್ದೇನೆ. ನೋಡಿದ್ದೇನೆ. ಬಾಗಿಲವರೆಗೆ ಹೋಗಿ ವಾಪಸು ಬಂದು ಮತ್ತೆ ನೋಡಿದ್ದೇನೆ. ಇಷ್ಟು ಸಲ ದಿಟ್ಟಿಸಿದರೆ ಸ್ಟವ್‌ಗೇ ಮುಜುಗರವಾಗುತ್ತದೆ, ಹೋಗೇ ತಾಯಿ ಎಂದರು ಇವರು, ಹೊದಿಕೆಯೊಳಗಿಂದಲೇ. ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಮಲಗಿದ್ದಾರೆ.

ಲಾರಿ ಹಾರ್ನು. ಬರುತ್ತೇನೆ.

ಅದೇ ದಿನ. ಮಧ್ಯಾಹ್ನ, ಲಾರಿಯಲ್ಲಿ

ಮೇಸ್ತ್ರಿ ಊಟಕ್ಕೆ ಹೋಗಿದ್ದಾರೆ. ಡ್ರೈವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಗೊರಕೆ. ನನಗೆ ಊಟ ಇಳಿಯುತ್ತಿಲ್ಲ.

ಹತ್ತೊಂಬತ್ತು ನೋಟಿಸು ಬೇರೆ ಬೇರೆ ಕಡೆ ಮುಗಿದವು. ಕೊನೆಯ ಮೂರು ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ಗೋಡೆಗೆ. ಪ್ರೆಸ್ಸು ಮುಚ್ಚಿ ವರ್ಷಗಳಾದವು. ಆ ಉದ್ದ ಗೋಡೆಯ ಪಕ್ಕ ಫುಟ್‌ಪಾತಿನಲ್ಲಿ ಆರು ಡೇರೆ. ಡೇರೆ ಎಂದು ನಾವು ಕಾಗದದಲ್ಲಿ ಬರೆಯುವುದು. ಇರುವುದು ಟಾರ್ಪಾಲು, ಹಗ್ಗ, ಹಲ್ಲಿನ ಪೇಸ್ಟಿನ ಹಳೇ ಫ್ಲೆಕ್ಸು. ನಗುವ ಹೆಂಗಸಿನ ಅರ್ಧ ಮುಖ ಒಬ್ಬರ ಚಾವಣಿ, ಇನ್ನರ್ಧ ಪಕ್ಕದವರ ಚಾವಣಿ.

ಎದುರಿಗೆ ಹೊಸ ಅಪಾರ್ಟ್‌ಮೆಂಟು. ದೂರು ಬಂದದ್ದು ಅಲ್ಲಿಂದ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ ಹೆಂಗಸು ಫುಟ್‌ಪಾತಿನಲ್ಲಿ ಜಾಗವಿಲ್ಲದೆ ರಸ್ತೆಗಿಳಿದಳು, ಬಸ್ಸು ಅವಳ ಮೈಮೇಲೇ ಬಂದಂತೆ ಹೋಯಿತು. ಕಣ್ಣಾರೆ ನೋಡಿದೆ. ಅವಳದ್ದೂ ತಪ್ಪೆನ್ನಲಾರೆ. ಯಾರದ್ದು ಎಂದು ಯೋಚಿಸಿದರೆ ನನಗೆ ತಲೆನೋವು ಬರುತ್ತದೆ.

ನೋಟಿಸು ಬಾಯಿಪಾಠ. ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಜಾಗವನ್ನು ಮೂರು ದಿನದೊಳಗೆ ತೆರವು ಮಾಡತಕ್ಕದ್ದು. ಒಂಬತ್ತು ವರ್ಷದಿಂದ ಅಂಟಿಸುತ್ತಿದ್ದೇನೆ. ಸದರಿ ಎಂದರೇನು ಎಂದು ಮೊದಲ ವರ್ಷ ಗೊತ್ತಿರಲಿಲ್ಲ. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು, ಯಾರನ್ನು ಕೇಳುವುದು.

ಎರಡನೇ ಡೇರೆಯಲ್ಲಿ ಟೈಲರಮ್ಮ. ಅರವತ್ತು ದಾಟಿದೆ. ಹರಿದ ಬ್ಯಾಗು, ಕೆಟ್ಟ ಜಿಪ್ಪು ಹೊಲಿದು ಕೊಡುತ್ತಾರೆ. ಹಿಂದೆ ಕೈಮೆಷಿನ್ ಇತ್ತು. ಎರಡು ವರ್ಷದ ಹಿಂದೆ ಕಾಲುವೆ ಬದಿಯಿಂದ ಎಬ್ಬಿಸಿದಾಗ ನಾವೇ ತಂದು ಡಿಪೋದಲ್ಲಿಟ್ಟೆವು. ಅರವತ್ತು ದಿನ ಇಡುತ್ತೇವೆ, ಆಮೇಲೆ ಹರಾಜು. ಅರವತ್ತನೇ ದಿನ ಭಾನುವಾರ, ಡಿಪೋ ಬಾಗಿಲು ಹಾಕಿತ್ತು. ಸೋಮವಾರ ಬಂದರು. ಅರವತ್ತೊಂದು.

ನನ್ನನ್ನು ಅಂಟಿನಮ್ಮ ಎನ್ನುತ್ತಾರೆ. ಲಾರಿಯಲ್ಲಿ ನಾನು ಡೌಟಕ್ಕ. ಎಲ್ಲವನ್ನೂ ಹತ್ತು ಸಲ ಕೇಳುತ್ತೇನಂತೆ.

ಟೈಲರಮ್ಮ ನೋಟಿಸನ್ನು ಬೆರಳಲ್ಲಿ ತಿಕ್ಕಿ ನೋಡಿ, ಹೋದ ಸಲದ ಕಾಗದ ದಪ್ಪಗಿತ್ತು, ಅಳತೆ ಕತ್ತರಿಸಲು ಬರುತ್ತಿತ್ತು, ಆಫೀಸಿನವರು ಬಡವರಾದರಾ ಎಂದರು. ನಗು ಬಂತು. ನಗಬಾರದು, ಅವರೊಡನೆ ನೋಟಿಸಿಗಿಂತ ಹೆಚ್ಚು ಮಾತಾಡಬಾರದು ಎಂದು ರೂಲ್ಸಿದೆ.

ಆಮೇಲೆ ದನಿ ತಗ್ಗಿಸಿ, ಹದಿನೈದು ದಿನ ಬೇಕು ಎಂದರು. ಹದಿನೈದೇ ದಿನ. ನಮ್ಮ ಪಾಲಿಕೆ ಆಫೀಸಿನ ಎರಡನೇ ಮಹಡಿಯವರ ಮನೆ ಪಟ್ಟಿಯಲ್ಲಿ ಎರಡೂವರೆ ವರ್ಷದಿಂದ ಅವರ ಹೆಸರಿದೆ. ಈಗ ಮೂರನೇ ನಂಬರಂತೆ, ಹದಿನೈದು ದಿನದಲ್ಲಿ ಸರದಿ ಬರಬಹುದಂತೆ. ಪಟ್ಟಿ ಹಿಡಿದು ಬೀದಿ ಬೀದಿ ಸುತ್ತುವ ಮೇಡಂ ಹೋದ ವಾರ ಹೇಳಿ ಹೋಗಿದ್ದಾರೆ: ಇಲ್ಲಿಂದ ಕದಲಬೇಡಿ, ನಾನು ಬಂದಾಗ ನೀವಿಲ್ಲಿರಬೇಕು, ಗುರುತಿನ ಕಾರ್ಡು ಕೈಯಲ್ಲಿರಬೇಕು. ಎರಡು ಸಲ ಹುಡುಕಿ ಸಿಗದಿದ್ದರೆ ಹೆಸರು ಪಟ್ಟಿಯ ತಳಕ್ಕೆ.

"ನಿಮ್ಮ ಎರಡನೇ ಮಹಡಿ ಕದಲಬೇಡಿ ಅನ್ನುತ್ತೆ, ನಾಲ್ಕನೇ ಮಹಡಿ ಕದಲಿ ಅನ್ನುತ್ತೆ. ಅಲ್ಲಿ ಲಿಫ್ಟ್ ಕೆಟ್ಟಿದೆಯೇನಮ್ಮಾ?"

ನನಗೇನು ಗೊತ್ತು. ಲಿಫ್ಟ್ ಕೆಟ್ಟಿರುವುದಂತೂ ನಿಜ.

ಕೊನೆಗೆ ಒಂದೇ ಮಾತು ಕೇಳಿದರು. ಏನು ಮಾಡಿದರೆ ನನ್ನ ಚೀಲ ಲಾರಿಗೆ ಹೋಗದೆ ಡಿಪೋಗೆ ಹೋಗುತ್ತದೆ? ನೋಟಿಸಿನ ಜೊತೆ ಒಬ್ಬರಿಗೆ ಒಂದು ಹಳದಿ ಚೀಲ ಕೊಡುತ್ತೇವೆ. ಇಡಬಹುದು ಎನಿಸಿದರೆ ಮೇಸ್ತ್ರಿ ತಲೆಯಾಡಿಸುತ್ತಾರೆ, ನಾನು ನಂಬರಿನ ಚೀಟಿ ಕಟ್ಟುತ್ತೇನೆ. ಬೇಡ ಎನಿಸಿದರೆ ಜೊತೆಗೆ ಬರುವ ಕಸದ ಲಾರಿ, ಅದು ಹಾಕಿದ್ದನ್ನೆಲ್ಲ ಅಗಿದುಬಿಡುತ್ತದೆ. ಆ ಕಡೆ ಈ ಕಡೆ ನೋಡಿದೆ. ಮೇಸ್ತ್ರಿ ದೂರದಲ್ಲಿ ಫೋನಲ್ಲಿದ್ದರು. ಕೊಳೆ ಇರಬಾರದು, ವಾಸನೆ ಹೊಡೆಯಬಾರದು, ಶುಭ್ರವಾಗಿದ್ದರೆ ಮೇಸ್ತ್ರಿ ಬೇಡ ಎನ್ನುವುದಿಲ್ಲ ಎಂದೆ.

ಹೇಳಬಾರದಿತ್ತೇನೋ. ಆದರೆ ಹೇಳಿದ್ದು ಸುಳ್ಳಲ್ಲ.

ನವೆಂಬರ್ 5, ಬುಧವಾರ. ಬೆಳಿಗ್ಗೆ

ಡ್ರೈವರು ಹೊಸ ಸುದ್ದಿ ತಂದಿದ್ದಾನೆ. ಈ ತಿಂಗಳ ಕೊನೆಗೆ ಕಾಂಟ್ರಾಕ್ಟ್ ಹೊಸದಾಗುವಾಗ ನಮ್ಮ ಗುಂಪಿನಲ್ಲಿ ಎರಡು ಹೆಸರು ಕಡಿಮೆಯಂತೆ. ಪ್ರತಿ ವರ್ಷವೂ ಹೀಗೇ ಹೇಳುತ್ತಾನೆ. ಪ್ರತಿ ವರ್ಷವೂ ನಾನು ನಂಬುತ್ತೇನೆ. 

ಯಾರಾದರೂ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ನಾನು ಟೈಲರಮ್ಮನ ಹತ್ತಿರ ಮಾತಾಡಿದ್ದನ್ನು ನೋಡಿದ್ದರೆ? ಫೋಟೋ ತೆಗೆದಿದ್ದರೆ? ಕಾಲೇಜಿಗೆ ಹೊರಟಿದ್ದ ಮಗಳಿಗೆ ಹೇಳಿದೆ. ಅಮ್ಮ, ನಿನ್ನ ಫೋಟೋ ತೆಗೆಯೋಕೆ ಯಾರಿಗೂ ಪುರುಸೊತ್ತಿಲ್ಲ ಎಂದು ಚಪ್ಪಲಿ ಮೆಟ್ಟಿದಳು. ಸಮಾಧಾನವೂ ಆಯಿತು, ಬೇಜಾರೂ ಆಯಿತು.

ನವೆಂಬರ್ 6, ಗುರುವಾರ. ಸಂಜೆ

ವಾಪಸು ಬರುವಾಗ ಲಾರಿ ಪ್ರೆಸ್ಸಿನ ಮುಂದೆ ಸಿಗ್ನಲ್ಲಿಗೆ ನಿಂತಿತು. ಬಸ್ ಡಿಪೋದ ನಲ್ಲಿಯಿಂದ ಬಕೆಟ್ಟು ಬಕೆಟ್ಟು ನೀರು ಹೊರುತ್ತಿದ್ದರು. ಟೈಲರಮ್ಮ ಮಂಡಿಯೂರಿ ಹಳದಿ ಚೀಲವನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಕಾಲು ಕುಂಟುವ ತಾತ ಕಂಬಳಿ ಹಿಂಡುತ್ತಿದ್ದ. ಫುಟ್‌ಪಾತಿನ ಮೇಲೆಲ್ಲ ನೊರೆ.

ಹೇಳಿದ್ದನ್ನು ಕೇಳಿದ್ದಾರೆ. ಒಬ್ಬರಿಗೆ ಹೇಳಿದ್ದು ಆರು ಜನಕ್ಕೂ ಮುಟ್ಟಿದೆ. ಬಹಳ ದಿನದ ಮೇಲೆ ಮನಸ್ಸಿಗೆ ಹಗುರ.

ನವೆಂಬರ್ 7, ಶುಕ್ರವಾರ. ಸಂಜೆ 6

ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಎಂಟು ಗಂಟೆಗೆ ಹೋದೆವು. ಬೆಳಗಿನಿಂದ ಮೋಡ, ಚಳಿ, ಬಿಸಿಲೆಂಬುದೇ ಇಲ್ಲ. ಪ್ರೆಸ್ಸಿನ ಕಬ್ಬಿಣದ ಗೇಟಿನ ಉದ್ದಕ್ಕೂ ಬಟ್ಟೆ. ಐದು ಜನ ತಂತಮ್ಮ ಗಂಟುಗಳ ಪಕ್ಕ ಸಾಲಾಗಿ ನಿಂತಿದ್ದರು, ಶಾಲೆಗೆ ಇನ್ಸ್‌ಪೆಕ್ಟರು ಬರುವಾಗ ಮಕ್ಕಳು ನಿಲ್ಲುವ ಹಾಗೆ. ತಾತ ತಲೆ ಬಾಚಿ, ಬೈತಲೆ ತೆಗೆದಿದ್ದ. ಸಾಬೂನಿನ ವಾಸನೆ. ಒಂದೇ ಸಾಬೂನು ತಂದು ಆರು ತುಂಡು ಮಾಡಿ ಹಂಚಿಕೊಂಡರಂತೆ.

ಮೇಸ್ತ್ರಿ ಮೊದಲ ಚೀಲವನ್ನು ಕೈಗವಸಿನ ಹೆಬ್ಬೆರಳಿನಿಂದ ಒತ್ತಿದರು. ನೀರು ಬಂತು.

"ಒದ್ದೆ."

ಎರಡನೆಯದು. ಒದ್ದೆ. ಮೂರನೆಯದು. ಸಿಟ್ಟಿನಿಂದ ಹೇಳಲಿಲ್ಲ, ಟಿಕೆಟ್ಟು ಹರಿದು ಕೊಡುವವರ ಹಾಗೆ ಹೇಳುತ್ತಾ ಹೋದರು. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ನೆನೆದ ಗಂಟುಗಳನ್ನು ತಂದಿಟ್ಟು ಡಿಪೋ ಪೂರ್ತಿ ಬೂಷ್ಟು ಹಿಡಿದಿತ್ತು, ಎಲ್ಲರ ಸಾಮಾನೂ ಹಾಳಾಗಿತ್ತು. ಅವತ್ತಿನಿಂದ ರೂಲ್ಸು. ಒದ್ದೆ ಸಾಮಾನು ತೆಗೆದುಕೊಳ್ಳುವುದಿಲ್ಲ. ಲಾರಿಯ ಡ್ಯಾಶ್‌ಬೋರ್ಡಿಗೇ ಅಂಟಿಸಿದೆ. ಅಂಟಿಸಿದವಳು ನಾನೇ.

ನನ್ನ ತಲೆಯಲ್ಲಿ ಒದ್ದೆ ಎಂದರೆ ಮಳೆ, ಚರಂಡಿ, ಉಚ್ಚೆ. ಒಂಬತ್ತು ವರ್ಷದಲ್ಲಿ ಯಾರೂ ತೊಳೆದಿಟ್ಟವರಿಲ್ಲ. ತೊಳೆದ ಒದ್ದೆಯೂ ಒದ್ದೆಯೇ ಎಂದು ಹೊಳೆಯಲೇ ಇಲ್ಲ. ನಿನ್ನೆ ನೊರೆ ನೋಡಿದಾಗಲೂ ಹೊಳೆಯಲಿಲ್ಲ. ಖುಷಿಪಟ್ಟೆ.

ಟೈಲರಮ್ಮ ಅಲ್ಲಿರಲಿಲ್ಲ. ಇನ್ನು ಮುಂದೆ ಎಲ್ಲಿರುತ್ತೇನೆ ಎಂದು ಪಟ್ಟಿ ಮೇಡಮ್ಮಿಗೆ ತಿಳಿಸಲು ಆರೂವರೆಗೇ ಆಫೀಸಿಗೆ ಹೋಗಿದ್ದರಂತೆ. ಚೀಲವನ್ನು ತಾತನ ಸುಪರ್ದಿಗೆ ಬಿಟ್ಟು, ಅಂಟಿನಮ್ಮ ನೋಡಿಕೊಳ್ಳುತ್ತಾಳೆ ಎಂದು ಹೇಳಿ ಹೋಗಿದ್ದರು. ತಾತ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, ಒಳಗೆ ಬಿಸ್ಕತ್ತಿನ ಡಬ್ಬಿ ಇದೆ, ಅದರಲ್ಲಿ ಕಾರ್ಡು, ದಾರಿಯಲ್ಲಿ ಕಳೆದೀತೆಂದು ಬಿಟ್ಟು ಹೋಗಿದ್ದಾಳೆ, ಡಬ್ಬಿ ಒಣಗಿಯೇ ಇದೆ ಎಂದು.

ಅಷ್ಟರಲ್ಲಿ ಮೇಸ್ತ್ರಿ ನನ್ನ ಕಡೆ ತಿರುಗಿ, ಇವರೆಲ್ಲ ಯಾಕೆ ತೊಳೆದಿದ್ದಾರೆ ಎಂದು ಕೇಳಿದರು. ಸುಮ್ಮನೆ ಕೇಳಿದರು, ಅಚ್ಚರಿಯಿಂದ.

"ಗೊತ್ತಿಲ್ಲ" ಎಂದೆ.

ಗೊತ್ತಿಲ್ಲ ಎಂದ ಬಾಯಲ್ಲಿ ಮತ್ತೆ ಡಬ್ಬಿ ಎನ್ನುವುದು ಹೇಗೆ? ಡಬ್ಬಿ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ, ಅಲ್ಲಿಂದ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಎಲ್ಲವನ್ನೂ ಹತ್ತು ಸಲ ಕೇಳುವ ಡೌಟಕ್ಕ, ಈ ಚೀಲ ಬಿಚ್ಚಿ ನೋಡೋಣವಾ ಎಂದು ಒಂದು ಸಲವೂ ಕೇಳಲಿಲ್ಲ. ಸೂಜಿ ಗೀಜಿ ಇರುತ್ತದೆ, ಚೀಲದೊಳಗೆ ಕೈ ಹಾಕಬಾರದು ಎಂಬ ರೂಲ್ಸೂ ಇದೆ. ಆ ರೂಲ್ಸಿನ ಹಿಂದೆ ನಿಂತುಕೊಂಡೆ. ಚೀಲ ಕಸದ ಲಾರಿಗೆ ಹೋಯಿತು. ಲಾರಿ ಅಗಿಯಿತು. ಡಬ್ಬಿಯ ಸದ್ದು ಕೇಳಿತೋ, ಕೇಳಿದ ಹಾಗನ್ನಿಸಿತೋ.

ಇನ್ನೇನು ಹೊರಡಬೇಕು, ಟೈಲರಮ್ಮ ಬಂದರು. ಮೇಡಂ ಟ್ರೈನಿಂಗಿಗೆ ಹೋಗಿದ್ದಾರೆ, ಸಿಗಲಿಲ್ಲ ಎಂದು ತಾತನಿಗೆ ಹೇಳುತ್ತಲೇ ಬಂದವರು, ಖಾಲಿ ಗೋಡೆ ನೋಡಿದರು. ಲಾರಿ ನೋಡಿದರು. ನನ್ನನ್ನು ನೋಡಿದರು.

"ನೀನು ಹೇಳಿದ ಹಾಗೇ ಮಾಡಿದ್ನಲ್ಲಮ್ಮ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 8, ಶನಿವಾರ

ಏನೂ ಇಲ್ಲ. ಸ್ಟವ್ ನೋಡಲು ಮರೆತು ಕೆಲಸಕ್ಕೆ ಹೋಗಿದ್ದೆ.

ನವೆಂಬರ್ 13, ಗುರುವಾರ. ಮಧ್ಯಾಹ್ನ

ಪ್ರೆಸ್ಸಿನ ಗೋಡೆ ಬದಿಗೆ ಸಿಮೆಂಟಿನ ದೊಡ್ಡ ದೊಡ್ಡ ಕುಂಡ ಬಂದಿವೆ. ಹನ್ನೆರಡು. ಮತ್ತೆ ಯಾರೂ ಟಾರ್ಪಾಲು ಕಟ್ಟಬಾರದೆಂದು. ಗಿಡ ಇನ್ನೂ ಹಾಕಿಲ್ಲ, ಬರೀ ಮಣ್ಣು, ಅದರೊಳಗೆ ಆಗಲೇ ಟೀ ಕಪ್ಪುಗಳು. ಕುಂಡ ಎಷ್ಟು ಅಗಲ ಎಂದರೆ ತಳ್ಳುಗಾಡಿಯ ಹೆಂಗಸು ಈಗಲೂ ರಸ್ತೆಗಿಳಿದೇ ಹೋಗುತ್ತಾಳೆ. ಡ್ರೈವರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ಮೇಸ್ತ್ರಿ ನಗಲಿಲ್ಲ. ನಾವು ಈ ಕಡೆಯಿಂದ ಎತ್ತಿ ಆ ಕಡೆ ಹಾಕುತ್ತೇವೆ, ಅವರು ಆ ಕಡೆಯಿಂದ ಈ ಕಡೆ ಬರುತ್ತಾರೆ, ರಿಟೈರಾಗುವವರೆಗೆ ಇದೇ ಎಂದರು. ಅವರ ಮಂಡಿ ನೋವು ಜಾಸ್ತಿಯಾಗಿದೆ.

ಆರು ಜನವೂ ಎಲ್ಲಿ ಹೋದರೋ. ರಾತ್ರಿ ವಸತಿಗೆ ಹೋಗಿರಲಾರರು. ಅಲ್ಲಿ ಬೆಳಿಗ್ಗೆ ಆರಕ್ಕೆ ಹೊರಗೆ ಹಾಕುತ್ತಾರೆ, ಗಂಟು ಒಳಗೆ ಬಿಡುವುದಿಲ್ಲ. ಈಗ ಗಂಟೇ ಇಲ್ಲವಲ್ಲ. ಹಾಗಂದುಕೊಂಡು ನನ್ನ ಮೇಲೇ ಹೇಸಿಗೆಯಾಯಿತು.

ಇವರಿಗೆ ಹೇಳಿದೆ, ಎಲ್ಲವನ್ನೂ. ಬೇಕೆಂದು ಮಾಡಲಿಲ್ಲವಲ್ಲ ಎಂದರು. ನಿಜ. ಆದರೆ ಗೊತ್ತಿಲ್ಲ ಎಂದದ್ದು ಬೇಕೆಂದೇ ಎಂದೆ.  ಚಹಾ ಮಾಡಿಕೊಟ್ಟರು, ಸಕ್ಕರೆ ಹಾಕುವುದನ್ನು ಮರೆತರು, ಕುಡಿದೆ.

ನವೆಂಬರ್ 17, ಸೋಮವಾರ. ಸಂಜೆ

ಪಟ್ಟಿ ಮೇಡಂ ಡಿಪೋಗೆ ಬಂದಿದ್ದರು. ಚಿಕ್ಕ ವಯಸ್ಸು, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ನಡೆದೂ ನಡೆದೂ ಪಾದ ಊದಿ ಶೂಸಿನ ದಾರ ಬಿಚ್ಚಿಕೊಂಡಿದ್ದರು. ಎದೆಗವಚಿಕೊಂಡ ಫೈಲಿಗೆ ಪ್ಲಾಸ್ಟಿಕ್ ಕವರು.

ಟೈಲರಮ್ಮನ ಹೆಸರಿಗೆ ರೂಮು ಬಂದಿದೆ.

ಇದೇ ಶುಕ್ರವಾರ ಸಂಜೆ ಐದರೊಳಗೆ ಕಾರ್ಡು ತೋರಿಸಿ ಸಹಿ ಹಾಕಬೇಕು. ಇಲ್ಲದಿದ್ದರೆ ರೂಮು ನಾಲ್ಕನೇ ನಂಬರಿಗೆ, ಇವರು ತಳಕ್ಕೆ. ತಳದಲ್ಲಿ ಈಗ ಆರುನೂರ ಚಿಲ್ಲರೆ ನಂಬರು. ಮೇಡಂ ಪ್ರೆಸ್ಸಿನ ಹತ್ತಿರ ಹೋಗಿದ್ದರು, ಕುಂಡ ನೋಡಿಕೊಂಡು ಬಂದರು. ಸಿಗಲಿಲ್ಲ ಎಂದು ಒಂದು ಸಲ ಬರೆದಾಗಿದೆ. ಇನ್ನೊಂದೇ ಬಾಕಿ.

ಸಾಮಾನು ಇಲ್ಲಿದ್ದರೆ ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ ಎಂದು ರಿಜಿಸ್ಟರು ತೆಗೆಸಿದರು. ನನ್ನದೇ ಅಕ್ಷರ. ಅವತ್ತು ಮೇಸ್ತ್ರಿ ಒತ್ತಿ ನೋಡುವ ಮೊದಲೇ ಆತುರಪಟ್ಟು ನಂಬರು ಬರೆದಿದ್ದೆ, ಆಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಒದ್ದೆ ಎಂದು ಬರೆದೆ. ಮೇಡಂ ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು, ಇದರಲ್ಲಿ ಕಾರ್ಡಿತ್ತಾ, ನಿಮಗೇನಾದರೂ ಗೊತ್ತಾ ಎಂದು.

 ಮೇಸ್ತ್ರಿ ಆಚೆ ಚೀಲ ಜೋಡಿಸುತ್ತಿದ್ದರು.

"ಇತ್ತು" ಎಂದೆ.

ಮೇಡಂ ನನ್ನ ಮುಖವನ್ನೇ ನೋಡಿದರು. ಹೊಸ ಕಾರ್ಡಿಗೆ ಎರಡು ತಿಂಗಳು ಹಿಡಿಯುತ್ತದೆ. ಆದರೆ ಒಂದು ದಾರಿ ಇದೆಯಂತೆ. ತೆರವು ಮಾಡುವಾಗ ನಮ್ಮವರಿಂದಲೇ ಕಾರ್ಡು ಹೋಯಿತು ಎಂದು ಅಲ್ಲಿದ್ದ ಕೆಲಸದವರು ಒಬ್ಬರು ಬರೆದು ಸಹಿ ಹಾಕಿಕೊಟ್ಟರೆ, ಕಾರ್ಡಿಲ್ಲದೆಯೂ ರೂಮು ಕೊಡಬಹುದು. ಇಲ್ಲಿಯವರೆಗೆ ಯಾರೂ ಹಾಗೆ ಬರೆದುಕೊಟ್ಟಿಲ್ಲ ಎಂದೂ ಅವರೇ ಹೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಅದರ ಒಂದು ಪ್ರತಿ ನಾಲ್ಕನೇ ಮಹಡಿಗೆ, ನಮ್ಮ ಸಾಹೇಬರ ಮೇಜಿಗೆ ಹೋಗುತ್ತದೆ. ತಿಂಗಳ ಕೊನೆಗೆ ಇನ್ನು ಹದಿಮೂರು ದಿನ.

ಮೊದಲು ಅವರು ಸಿಗಲಿ ಎಂದುಕೊಂಡೆ. ಸಿಗದಿದ್ದರೆ ಬರೆಯುವುದೇ ಬೇಡವಲ್ಲ — ಇದನ್ನೂ ಅಂದುಕೊಂಡೆ. ಬರೆದಿಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ.

ನವೆಂಬರ್ 18, ಮಂಗಳವಾರ

ಕೆಲಸ ಮುಗಿಸಿ ಕಾಲುವೆ ಬದಿ, ಸೇತುವೆ ಕೆಳಗೆ, ಸ್ಟೇಷನ್ನಿನ ಹಿಂದೆ. ಯೂನಿಫಾರಂ ನೋಡಿದ ಕೂಡಲೇ ಜನ ಗಂಟು ಕಟ್ಟಲು ಶುರುಮಾಡುತ್ತಾರೆ. ಇಲ್ಲ ಇಲ್ಲ, ಎಬ್ಬಿಸಲು ಬಂದಿಲ್ಲ ಎಂದರೂ ನಂಬುವುದಿಲ್ಲ. ಸೇತುವೆ ಕೆಳಗೆ ತಾತ ಸಿಕ್ಕಿದ. ಕಂಬಳಿ ಇಲ್ಲ, ಗೋಣಿ ಹೊದ್ದಿದ್ದ. ಟೈಲರಮ್ಮನ ವಿಷಯ ಅವನಿಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದನೋ ಇಲ್ಲವೋ. ನಮ್ಮ ಮನೆಯ ಹಳೇ ಹೊದಿಕೆ ತಂದುಕೊಡಲಾ ಎಂದೆ. ಒಣಗಿರೋದು ತಾರಮ್ಮ ಎಂದ.

ಕಾಲು ನೋವು. ಮಲಗುತ್ತೇನೆ.

ನವೆಂಬರ್ 19, ಬುಧವಾರ. ಮಧ್ಯಾಹ್ನ 3

ಸಿಕ್ಕರು.

ಡ್ರೈವರಿಂದಾಯಿತು. ಹೆಂಡತಿಯ ರಕ್ತ ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಹೋದವನು, ನಿಮ್ಮ ಟೈಲರಮ್ಮ ಅಲ್ಲಿ ಟೋಕನ್ ಹಿಡಿದು ಕೂತಿದ್ದಾರೆ, ಹುಷಾರಿಲ್ಲವೇನೋ ಎಂದ. ಅರ್ಧ ದಿನ ರಜೆ ಹಾಕಿ ಓಡಿದೆ.

ಹುಷಾರಾಗಿಯೇ ಇದ್ದಾರೆ. ಟೋಕನ್ ಇದ್ದರೆ ಸೆಕ್ಯೂರಿಟಿಯವರು ಎಬ್ಬಿಸುವುದಿಲ್ಲವಂತೆ. ದಿನಾ ಬೆಳಿಗ್ಗೆ ಒಂದು ಟೋಕನ್. ನಂಬರು ಹತ್ತಿರ ಬಂದಾಗ ಎದ್ದು ಹೋಗಿ ಬೇರೆ ಸಾಲಿನಲ್ಲಿ ಹೊಸ ಟೋಕನ್. ಕಣ್ಣು, ಮೂಳೆ, ಕಿವಿ, ಒಂದೊಂದು ಸಲ ಒಂದೊಂದು ಕಡೆ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ರೂಮಿನ ವಿಷಯ ಹೇಳಿದೆ. ಪತ್ರದ ವಿಷಯ ಹೇಳಿದೆ. ಎದುರಿನ ಬೋರ್ಡಿನ ಕೆಂಪು ನಂಬರನ್ನು ತಮ್ಮ ಟೋಕನ್ನಿಗೆ ಹೋಲಿಸಿ ನೋಡಿದರು.

"ಯಾರು ಬರೆಯೋದು?"

"ನಾನು."

"ಏನಂತ ಬರೀತೀಯ?"

"ಆದದ್ದನ್ನೇ."

"ಎಲ್ಲಾನೂ?"

ಹೂಂ ಎಂದೆ. 

ಆಮೇಲೆ ಮಾತಾಡಿದ್ದು ಅವರೇ. ನಿನಗೆ ಶಾಪ ಹಾಕೋಣ ಎಂದು ಎರಡು ದಿನ ಪ್ರಯತ್ನಪಟ್ಟೆ, ಹಾಕುವಾಗೆಲ್ಲ ನಿನ್ನ ಹೆದರಿದ ಮುಖವೇ ಎದುರು ಬರುತ್ತದೆ, ಅದಕ್ಕೆ ಇನ್ನೇನು ಹಾಕುವುದು ಎಂದರು. ಹಾಗೆಂದು ಕ್ಷಮಿಸಿದೆ ಅಂದುಕೊಳ್ಳಬೇಡ ಎಂದೂ ಹೇಳಿದರು. ಡಬ್ಬಿಯಲ್ಲಿ ಕಾರ್ಡಿನ ಜೊತೆ ತಂಗಿಯ ಫೋಟೋ ಇತ್ತಂತೆ. ಬೇರೆ ಫೋಟೋ ಇಲ್ಲ. ಅದಕ್ಕೆ ಪತ್ರ ಬರೆದುಕೊಡುವವರು ಯಾರೂ ಇಲ್ಲ.

ಅವರ ಟೋಕನ್ ನಂಬರು ಬಂತು. ಎದ್ದು ಕಿವಿಯ ಸಾಲಿಗೆ ಹೋದರು.

ನವೆಂಬರ್ 20, ಗುರುವಾರ. ಬೆಳಿಗ್ಗೆ 4-50

ಎದ್ದು ಕೂತಿದ್ದೇನೆ. ನಾಲ್ಕು ಹಾಳೆ ಹಾಳಾದವು.

ಆಫೀಸಿಗೆ ಬರೆಯುವ ಭಾಷೆ ನನಗೆ ಒಂದೇ ಗೊತ್ತು, ನೋಟಿಸಿನದು. ಹೇಗೆ ಶುರುಮಾಡಿದರೂ ಅದೇ ಬರುತ್ತದೆ. ಇದು ಐದನೆಯದು:

ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಟೈಲರಮ್ಮನವರಿಗೆ ಸಾಮಾನು ಶುಭ್ರವಾಗಿಡತಕ್ಕದ್ದು ಎಂದು ನಾನು ಹೇಳಿರುತ್ತೇನೆ. ಒದ್ದೆ ಇರಬಾರದು ಎಂದು ಹೇಳಿರುವುದಿಲ್ಲ. ಸದರಿಯವರು ನನ್ನ ಮಾತು ನಂಬಿ ತೊಳೆದಿರುತ್ತಾರೆ. ದಿನಾಂಕ 7ರಂದು ಬೆಳಿಗ್ಗೆ ಎಂಟಕ್ಕೆ ತೆರವು ಶುರುವಾಗಿರುತ್ತದೆ. ಚೀಲದಲ್ಲಿ ಕಾರ್ಡು ಇರುವುದು ನನಗೆ ತಿಳಿದಿದ್ದು, ತಿಳಿದೂ ಬಾಯಿ ಬಿಟ್ಟಿರುವುದಿಲ್ಲ. ಮೇಸ್ತ್ರಿಯವರು ಕೇಳಿದಾಗ ಗೊತ್ತಿಲ್ಲ ಎಂದು ಸುಳ್ಳು ಹೇಳಿರುತ್ತೇನೆ. ಚೀಲ ಲಾರಿಗೆ ಹೋಗಿರುತ್ತದೆ.

ಮಗಳು ಎದ್ದು ಬಂದು ಭುಜದ ಮೇಲಿಂದ ಓದಿದಳು. ಇದು ಪತ್ರವಲ್ಲ, ನೋಟಿಸು, ನಾನು ಚೆನ್ನಾಗಿ ಬರೆದುಕೊಡುತ್ತೇನೆ ಕೊಡು ಎಂದಳು. ಕೊನೆಯವರೆಗೆ ಓದಿದಳು. ಬೇಡ, ಹೀಗೇ ಇರಲಿ ಎಂದಳು. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಅದನ್ನು ಮಾತ್ರ ತಿದ್ದಿದಳು.

ಅದೇ ದಿನ. ಸಂಜೆ

ಮೇಸ್ತ್ರಿಗೆ ತೋರಿಸಿದೆ. ಅವರ ಬೆನ್ನ ಹಿಂದೆ ಕೊಡಲು ಮನಸ್ಸು ಬರಲಿಲ್ಲ. ಲಾರಿಯ ಹಿಂದೆ ನಿಂತು ಎರಡು ಸಲ ಓದಿದರು. ಬಿಚ್ಚಿ ನೋಡದೆ ಎಸೆದ ಎಂದು ನನ್ನನ್ನೂ ಕರೆದು ಕೇಳುತ್ತಾರಲ್ಲ ಎಂದರು. ನಿಮ್ಮ ತಪ್ಪು ಎಂದು ಎಲ್ಲೂ ಬರೆದಿಲ್ಲ ಎಂದೆ. ಬರೆಯದಿದ್ದರೂ ಇದೆಯಲ್ಲ ಎಂದರು.

ಆಮೇಲೆ ಮೃದುವಾಗಿ ಹೇಳಿದರು. ಒಬ್ಬರಿಗೆ ರೂಮು ಸಿಕ್ಕರೆ ಊರಿನ ಡೇರೆ ಎಲ್ಲ ಮುಗಿಯುತ್ತವಾ? ನಾಳೆ ಬೆಳಿಗ್ಗೆ ಮತ್ತೆ ಇಪ್ಪತ್ತು ನೋಟಿಸು ಅಂಟಿಸುತ್ತೀಯ. ಎರಡು ಹೆಸರು ಕಡಿಮೆ ಮಾಡುವುದು ನಿಜ, ಡ್ರೈವರು ಈ ಸಲ ಸುಳ್ಳು ಹೇಳಿಲ್ಲ. ಯಾರನ್ನು ತೆಗೆಯಲಿ ಎಂದು ಯೋಚಿಸುತ್ತಿರುವವರ ಮೇಜಿಗೆ ನೀನೇ ಕಾಗದ ಕೊಟ್ಟು ಬರುತ್ತೀಯಲ್ಲ, ಅಕ್ಕ.

ಅಕ್ಕ ಎಂದದ್ದು ಇದೇ ಮೊದಲು. ಯಾವಾಗಲೂ ಡೌಟಕ್ಕ.

 ಗೊತ್ತಿಲ್ಲ ಎಂದು ಮತ್ತೆ ಹೇಳಲಾರೆ ಎಂದೆ. ಕಾಗದ ಮಡಚಿ ವಾಪಸು ಕೊಟ್ಟರು. ತೆರವು ಶುರುವಾದದ್ದು ಎಂಟಕ್ಕಲ್ಲ, ಎಂಟು ಹತ್ತಕ್ಕೆ, ಟೈಮ್ ಸರಿಮಾಡು, ಇಲ್ಲದಿದ್ದರೆ ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದರು. ಸರಿಮಾಡಿದೆ.

ನವೆಂಬರ್ 21, ಶುಕ್ರವಾರ. ಮಧ್ಯಾಹ್ನ 3-55. ಎರಡನೇ ಮಹಡಿ, ಬೆಂಚಿನ ಮೇಲೆ



ಆಸ್ಪತ್ರೆಯಿಂದ ಒಟ್ಟಿಗೆ ಬಂದೆವು. ಮೂವತ್ತೆಂಟು ಮೆಟ್ಟಿಲು, ಲಿಫ್ಟ್ ಇನ್ನೂ ಕೆಟ್ಟೇ ಇದೆ. ನಡುವೆ ಎರಡು ಸಲ ಕೂತರು. ಕಾಗದ ಮೇಡಮ್ಮಿನ ಕೈಗೆ ಕೊಟ್ಟೆ. ಅವರು ಓದಿ, ಟೈಲರಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಅರ್ಧ ಗಂಟೆಯಾಯಿತು.

ರೂಮು ಎಂದರೆ ನಾಲ್ಕು ಹೆಜ್ಜೆ ಉದ್ದವಂತೆ. ಕಿಟಕಿ ಇದೆ, ಎದುರಿನ ಗೋಡೆಗೆ ತೆರೆಯುತ್ತದೆ. ಬಚ್ಚಲು ಮೂರು ಮನೆಗೆ ಒಂದು. ಬಾಗಿಲಿಗೆ ಬೀಗವಿದೆಯಾ, ಅಷ್ಟೇ ಕೇಳಿದರು ಟೈಲರಮ್ಮ.

4-20

ನಾಲ್ಕನೇ ಮಹಡಿಯಿಂದ ಫೋನು. ಸಾಹೇಬರ ಗುಮಾಸ್ತ. ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋಗಬೇಡಿ, ನೇರ ಇಲ್ಲಿಗೆ ಬನ್ನಿ, ಐಡಿ ಮತ್ತು ಕೈಗವಸು ತನ್ನಿ ಎಂದ. ಕೈಗವಸು ಯಾಕೆ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಎರಡು ಮಹಡಿ ಅಂತರ, ಒಂದು ಗಂಟೆಯೊಳಗೆ ಕಾಗದ ಮುಟ್ಟಿಬಿಟ್ಟಿದೆ. ಮನೆ ಪಟ್ಟಿಗೆ ಎರಡೂವರೆ ವರ್ಷ.

ಇವರಿಗೆ ಫೋನ್ ಮಾಡಬೇಕು. ನೈಟ್ ಡ್ಯೂಟಿ, ಈಗ ಮಲಗಿರುತ್ತಾರೆ, ಎಬ್ಬಿಸುವುದು ಬೇಡ. ಎದ್ದ ಮೇಲೆ ಹೇಳುತ್ತೇನೆ. ಹೇಗೆ ಹೇಳುವುದು. ಬಾಡಿಗೆ, ಮಗಳ ಪರೀಕ್ಷೆ ಫೀಸು… ಇಲ್ಲ, ಈಗ ಯೋಚಿಸುವುದಿಲ್ಲ. ಯೋಚಿಸುತ್ತಲೇ ಇದ್ದೇನೆ.

4-40

ಇನ್ನೂ ಬಾಗಿಲು ತೆರೆದಿಲ್ಲ. ಐದಕ್ಕೆ ಮುಚ್ಚುತ್ತಾರೆ. ಒಳಗೆ ಯಾರೋ ಜೋರಾಗಿ ಮಾತಾಡಿದ ಹಾಗೆ. ಒಪ್ಪದಿದ್ದರೆ? ಸಹಿ ಸರಿಯಿಲ್ಲ ಎಂದರೆ? ನನ್ನ ಸಹಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

4-48

ಬಾಗಿಲು ತೆರೆಯಿತು. ಟೈಲರಮ್ಮ ಬಂದಿದ್ದಾರೆ. ಮುಖ ನೋಡಿದರೆ ಏನೂ ಗೊತ್ತಾಗುತ್ತಿಲ್ಲ. ಒಳಗೆ ಮೇಜಿನ ಮೇಲೆ ರಿಜಿಸ್ಟರು ಬಿಚ್ಚಿದೆ, ಪಕ್ಕದಲ್ಲಿ ಬೀಗದ ಕೈ. ಮೇಡಮ್ಮಿನ ಪೆನ್ನು ಬರೆಯುತ್ತಿಲ್ಲವಂತೆ. ಸಹಿ ಹಾಕಬೇಕು, ನಿನ್ನದು ಕೊಡು ಎಂದು ಟೈಲರಮ್ಮ ಕೈ ಚಾಚಿ ನಿಂತಿದ್ದಾರೆ. ಇರಿ, ಕೊಡುತ್ತೇನೆ, ಇದೊಂದು ಸಾಲು ಬರೆದು